‘ಕಂಪ್ಯೂಟರ್ ಬೇಕಾಗಿದೆ’

1892ರ ಮೇ 2ರ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ ಒಂದು ಪುಟ್ಟ ಪ್ರಕಟಣೆಯಿದೆ. ಕಂಪ್ಯೂಟರ್ ಬೇಕಾಗಿದೆ ಎಂಬುದು ಅದರ ತಲೆಬರಹ. ಬೀಜಗಣಿತ, ರೇಖಾಗಣಿತ, ತ್ರಿಕೋನಮಿತಿ, ಖಗೋಳವಿಜ್ಞಾನಗಳಲ್ಲಿ ಪರೀಕ್ಷೆ ನಡೆಯುವುದೆಂದು ಒಳಗೆ ತಿಳಿಸಲಾಗಿದೆ. ಯಂತ್ರಕ್ಕೇಕೆ ಪರೀಕ್ಷೆ ಎಂದು ಇಂದಿನ ಓದುಗ ಕ್ಷಣಕಾಲ ತಬ್ಬಿಬ್ಬಾದರೆ ಅದು ಸಹಜವೇ. ಅಲ್ಲಿ ಕರೆದಿರುವುದು ಯಂತ್ರವನ್ನಲ್ಲ, ಉದ್ಯೋಗಿಯನ್ನು.

ಇಂಗ್ಲಿಷಿನಲ್ಲಿ ಈ ಪದ 1613ರಷ್ಟು ಹಿಂದೆಯೇ ದೊರೆಯುತ್ತದೆ. ಮೂರು ಶತಮಾನಗಳಿಗೂ ಮಿಕ್ಕಿದ ಕಾಲ ಅದು ಮುಖ್ಯವಾಗಿ ಮನುಷ್ಯವಾಚಕವಾಗಿಯೇ ಇತ್ತು. ಪಂಚಾಂಗದ ಕಚೇರಿ, ವೀಕ್ಷಣಾಲಯ, ಭೂಮಾಪನ ಇಲಾಖೆಗಳಲ್ಲಿ ಲೆಕ್ಕ ಮಾಡಿಕೊಡುವವರ ಹುದ್ದೆಯ ಹೆಸರದು. ಭಾರತದ ಮಹಾ ತ್ರಿಕೋನಮಿತೀಯ ಸರ್ವೇಕ್ಷಣೆಗೆ 1831ರಲ್ಲಿ ಸೇರಿದ ಬಂಗಾಳದ ರಾಧಾನಾಥ ಸಿಕ್ದಾರರು ಮುಂದೆ ಮುಖ್ಯ ಕಂಪ್ಯೂಟರ್ ಆದರು. 1851ರಲ್ಲಿ ಪ್ರಕಟವಾದ ಭೂಮಾಪನ ಕೈಪಿಡಿಯ ಮುನ್ನುಡಿ ಅವರ ನೆರವನ್ನು ಸ್ಮರಿಸಿತ್ತು. 1870ರಲ್ಲಿ ಅವರು ತೀರಿಕೊಂಡರು. 1875ರ ಮೂರನೆಯ ಆವೃತ್ತಿಯ ಮುನ್ನುಡಿಯಲ್ಲಿ ಅವರ ಹೆಸರಿಲ್ಲ. ಇದು ಸತ್ತವರನ್ನು ದೋಚುವ ಕೃತ್ಯವೆಂದು ಮರುವರ್ಷ ‘ಫ್ರೆಂಡ್ ಆಫ್ ಇಂಡಿಯಾ’ ಪತ್ರಿಕೆ ಖಂಡಿಸಿತು. ವಸಾಹತುಶಾಹಿಯ ಕಾಲದ ಇಂಗ್ಲಿಷ್ ಪತ್ರಿಕೆಯೊಂದು ದೇಶೀಯ ನೌಕರನ ಪರವಾಗಿ ಹೀಗೆ ಬರೆದುದು ಸಣ್ಣ ಮಾತಲ್ಲ.

ಅರ್ಥಪಲ್ಲಟದ ಗಡಿಯಲ್ಲಿಯೂ ಪತ್ರಿಕೆಗಳೇ ಇವೆ. 1942ರಲ್ಲಿ ಗಣಿತ ಓದಿದ ಮಹಿಳೆಯರು ಬೇಕೆಂಬ ಜಾಹೀರಾತನ್ನು ಫಿಲಡೆಲ್ಫಿಯಾದ ಪತ್ರಿಕೆಯಲ್ಲಿ ಕಂಡು ಕ್ಯಾಥ್ಲೀನ್ ಮೆಕ್‌ನಲ್ಟಿಯವರು ಸೇನೆಯ ಕೆಲಸಕ್ಕೆ ಸೇರಿದರು. ಫಿರಂಗಿ ಗುಂಡಿನ ಪಥವನ್ನು ಲೆಕ್ಕ ಹಾಕುವ ಅವರ ಹುದ್ದೆಯ ಹೆಸರು ಕಂಪ್ಯೂಟರ್. ಅದೇ ಲೆಕ್ಕಕ್ಕಾಗಿ ‘ಎನಿಯಾಕ್’ ಯಂತ್ರ ನಿರ್ಮಾಣವಾದಾಗ ಅದಕ್ಕೆ ಲೆಕ್ಕಗಳನ್ನು ಹೊಂದಿಸಿಕೊಟ್ಟ ಆರು ಮಂದಿ ಮಹಿಳೆಯರಲ್ಲಿ ಅವರೂ ಒಬ್ಬರು. 1946ರ ಫೆಬ್ರವರಿ 15ರ ‘ನ್ಯೂಯಾರ್ಕ್ ಟೈಮ್ಸ್’ ಆ ಯಂತ್ರವನ್ನು ಎಲೆಕ್ಟ್ರಾನಿಕ್ ಕಂಪ್ಯೂಟರ್ ಎಂದು ತಲೆಬರಹದಲ್ಲಿ ಕರೆಯಿತು. ಇಲ್ಲಿನ ವಿಶೇಷಣ ಗಮನಾರ್ಹ. ಬರಿಯ ಕಂಪ್ಯೂಟರ್ ಎಂದಿದ್ದರೆ ಅಂದಿನ ಓದುಗನಿಗೆ ಮೇಜಿನ ಮುಂದೆ ಕುಳಿತವರೇ ನೆನಪಾಗುತ್ತಿದ್ದರು. ಹುದ್ದೆಯ ಹೆಸರು ಯಂತ್ರಕ್ಕೆ ಸಂದಿತು. ಆ ಮಹಿಳೆಯರ ಪಾಲಿನ ಮನ್ನಣೆಗೆ ಮಾತ್ರ ದಶಕಗಳೇ ಹಿಡಿದವು.

ಮೂರು ದಶಕಗಳು ಕಳೆಯುವಷ್ಟರಲ್ಲಿ ವಿಶೇಷಣ ಮಗ್ಗುಲು ಬದಲಿಸಿತು. 1929ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿಯವರು 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕೆಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡುಗಳಲ್ಲಿ ಗುಣಿಸಿದರು. ಪತ್ರಿಕೆಗಳು ಅವರನ್ನು ಮಾನವ ಕಂಪ್ಯೂಟರ್ ಎಂದು ಕೊಂಡಾಡಿದವು. 1892ರ ಓದುಗನಿಗೆ ಈ ಬಿರುದು ದ್ವಿರುಕ್ತಿಯಾಗಿ ಕೇಳಿಸುತ್ತಿತ್ತು. ಮಾನವ ಗುಮಾಸ್ತ ಎಂದಂತೆ!

ಕನ್ನಡದಲ್ಲಿ ಇದೇ ಪಲ್ಲಟವನ್ನು ಲಿಂಗಪ್ರತ್ಯಯ ಹಿಡಿದುಕೊಡುತ್ತದೆ. ಸಂಸ್ಕೃತದಿಂದ ಬಂದ ‘ಗಣಕ’ ಮೂಲದಲ್ಲಿ ಲೆಕ್ಕಿಗ, ಜ್ಯೋತಿಷಿ. ಆತ ‘ಗಣಕನು’. ಯಂತ್ರಕ್ಕೆ ‘ಗಣಕಯಂತ್ರ’ ಎಂದಾಗ ಉತ್ತರಪದವಾದರೂ ವಸ್ತುವನ್ನು ಸೂಚಿಸುತ್ತಿತ್ತು. ಬಳಕೆಯಲ್ಲಿ ಅದು ಸವೆದು ಉಳಿದದ್ದು ನಪುಂಸಕಲಿಂಗದ ‘ಗಣಕವು’. ಇಂಗ್ಲಿಷಿಗೆ ಈ ಅನುಕೂಲವಿಲ್ಲ. ಹಳೆಯ ಪತ್ರಿಕೆಯ ಓದುಗ ವಿಶೇಷಣವನ್ನೋ ಸಂದರ್ಭವನ್ನೋ ನೆಚ್ಚಬೇಕು. ಆದರೆ ಸಮಾಸದಲ್ಲಿ ಪ್ರತ್ಯಯ ಲೋಪವಾಗುವುದರಿಂದ ಕನ್ನಡದ ಓದುಗನೂ ಅಲ್ಲಿ ಎಡವುವ ಸಾಧ್ಯತೆಯಿದೆ. ಭಾಸ್ಕರಾಚಾರ್ಯನು ಬ್ರಹ್ಮಗುಪ್ತನಿಗೆ ಕೊಟ್ಟ ಬಿರುದು ‘ಗಣಕಚಕ್ರಚೂಡಾಮಣಿ’. ಅದನ್ನು ತರಗತಿಯಲ್ಲಿ ವಿವರಿಸುವ ಅಧ್ಯಾಪಕರು ಇಂದು ಮೊದಲಿಗೆ, ಇಲ್ಲಿ ಗಣಕನೆಂದರೆ ಮನುಷ್ಯ ಎಂದು ಹೇಳಿಯೇ ಮುಂದುವರಿಯಬೇಕಾಗಿದೆ.