ಕಾಳನ ಮೈಮೇಲಿನ ಉಣುಗು

ಕಳೆದ ವೈಶಾಖದಲ್ಲಿ, ಹುಬ್ಬಳ್ಳಿಯ ನಮ್ಮ ಮನೆಯ ನಾಯಿ ಕಾಳ ಮೂರು ದಿನ ಅನ್ನ ಮುಟ್ಟಲಿಲ್ಲ. ಮೂಗಿನಿಂದ ರಕ್ತ ಒಸರಿದಾಗ ಮೊಮ್ಮಗನು, "ಕಾಳ ಸಾಯ್ತಾನೇನು ಅಜ್ಜಾ?" ಎಂದು ಕೇಳಿದನು. ಪಶುವೈದ್ಯರು ರಕ್ತ ಪರೀಕ್ಷಿಸಿ, ಇದು ಉಣುಗಿನಿಂದ ಬರುವ ಎರ್ಲಿಕಿಯಾ ಜ್ವರ, ಪ್ಲೇಟ್‌ಲೆಟ್ ಕಣಗಳು ಕುಸಿದಿವೆ ಎಂದರು; 28 ದಿನಗಳಿಗೆ ಡಾಕ್ಸಿಸೈಕ್ಲಿನ್ ಮಾತ್ರೆ ಬರೆದುಕೊಟ್ಟರು.

ತಪ್ಪು ನನ್ನದೇ. ಮಠದಲ್ಲಿ ಓದಿದ ದಿನಗಳಿಂದಲೂ ಇರುವೆಯನ್ನು ಕೂಡ ತುಳಿಯದೆ ನಡೆದವನು ನಾನು. ಕಾಳನ ಕಿವಿಯಲ್ಲಿ ಕಂಡ ಉಣುಗುಗಳನ್ನು ಕಿತ್ತು, ಕೊಲ್ಲಲಾರದೆ, ಅಂಗಳದ ಮೂಲೆಗೆ ಎಸೆಯುತ್ತಿದ್ದೆನು. ರಕ್ತ ಕುಡಿದು ಉಬ್ಬಿದ ಹೆಣ್ಣು ಉಣುಗು ನಾಯಿಯ ಮೈಬಿಟ್ಟು ಗೋಡೆಯ ಬಿರುಕು ಸೇರಿ ಸಾವಿರಾರು ಮೊಟ್ಟೆಗಳನ್ನಿಡುತ್ತದೆಂಬುದನ್ನು ನಾನು ಅರಿತಿರಲಿಲ್ಲ. ನನ್ನ ದಯೆಯ ಲೆಕ್ಕ ಹೀಗಿತ್ತು!

ಬಿರುಕುಗಳಿಗೆ ಸಿಮೆಂಟು ಮೆತ್ತಿಸಿದೆವು. ಅವನು ಮಲಗುವ ಗೋಣಿತಟ್ಟನ್ನು ಕುದಿಯುವ ನೀರಿಗೆ ಹಾಕಿದೆವು. ಬೆನ್ನಿಗೆ ಹಚ್ಚುವ ಔಷಧವನ್ನು ಮಾತ್ರ ವೈದ್ಯರನ್ನು ಕೇಳಿಯೇ ತರಬೇಕು. ಪರ್ಮೆತ್ರಿನ್ ಇರುವಂಥದು ನಾಯಿಗೆ ಒಗ್ಗಿದರೂ ಬೆಕ್ಕಿಗೆ ವಿಷ, ನಮ್ಮಲ್ಲಿ ಎರಡೂ ಇವೆ.

ಈಗ ದಿನವೂ ಇಷ್ಟಲಿಂಗಪೂಜೆಯಾದ ಮೇಲೆ ಕನ್ನಡಕ ಏರಿಸಿಕೊಂಡು ಕಾಳನ ಕಿವಿ, ಬೆರಳುಸಂದುಗಳನ್ನು ನೋಡುತ್ತೇನೆ. ಸಿಕ್ಕಿದ್ದನ್ನು ಚಿಮಟದಿಂದ ಎಳೆದು ಸ್ಪಿರಿಟ್ಟಿನ ಶೀಶೆಗೆ ಹಾಕುವಾಗ ಕೈ ಇನ್ನೂ ತುಸು ತಡೆಯುತ್ತದೆ.