ಕಷಾಯ ಮತ್ತು ಹೃದ್ರೋಗ: ಒಬ್ಬ ಶ್ರಾವಕನ ಅನುಭವ

ನಮ್ಮ ತಂದೆಯವರು ತಮ್ಮ 52ನೆಯ ವಯಸ್ಸಿನಲ್ಲಿ, ಒಂದು ಬೆಳಗಿನ ಜಾವ, ನಿದ್ರೆಯಲ್ಲಿಯೇ ತೀರಿಕೊಂಡರು. ಹಿಂದಿನ ದಿನ ಸಾಯಂಕಾಲ ಅಮ್ಮಿನಬಾವಿಯ ಬಸದಿಯಲ್ಲಿ ಆರತಿಗೆ ನಿಂತಿದ್ದವರು, ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಸಿ, ಣಮೋಕಾರ ಮಂತ್ರವನ್ನು ಸ್ಮರಿಸಿ ಮಲಗಿದ್ದವರು. ಊರ ಜನರೆಲ್ಲ "ಪುಣ್ಯವಂತನ ಸಾವು" ಎಂದರು. ಹೈಸ್ಕೂಲಿನಲ್ಲಿದ್ದ ನನಗೂ ಆ ಮಾತಿನಿಂದ ಸಮಾಧಾನವಾಯಿತು. ಅದು ಹೃದಯಾಘಾತವಾಗಿದ್ದಿರಬಹುದು, ಅಂಥ ಮನೆಯ ಗಂಡುಮಕ್ಕಳು ನಲವತ್ತು ದಾಟುವುದಕ್ಕೆ ಮೊದಲೇ ತಮ್ಮ ರಕ್ತದೊತ್ತಡ, ಸಕ್ಕರೆ, ಕೊಬ್ಬುಗಳನ್ನು ಪರೀಕ್ಷಿಸಿಕೊಳ್ಳಬೇಕು ಎಂಬ ವಿಚಾರ ಆಗ ಯಾರಿಗೂ ಬರಲಿಲ್ಲ. ಬಂದಿದ್ದರೂ ಅದನ್ನು ಸೂತಕದ ಮನೆಯಲ್ಲಿ ಆಡುವ ಮಾತೆಂದು ಯಾರೂ ತಿಳಿಯುತ್ತಿರಲಿಲ್ಲ.

ನನ್ನ ಸರದಿ 2019ರ ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ ಬಂದಿತು. ಧಾರವಾಡದಲ್ಲಿರುವ ನಮ್ಮ ಕಾಳುಕಡಿಯ ದಲಾಲಿ ಅಂಗಡಿಯಲ್ಲಿ ವರ್ಷದ ಲೆಕ್ಕ ಮುಗಿಸುವ ಗಡಿಬಿಡಿ. ಗಾದಿಯ ಮೇಲೆ ಕುಳಿತಿದ್ದಾಗ ಎಡ ಭುಜ ಮತ್ತು ದವಡೆ ಹಿಡಿದಂತಾಯಿತು, ಮೈ ಬೆವರಿತು. ವಾಯುವೆಂದು ತಿಳಿದು ಅಜವಾನದ ನೀರು ಕುಡಿದೆ. ಗುಮಾಸ್ತನು ತಂದುಕೊಟ್ಟ ಸೋಡಾ ಕುಡಿದೆ. ಹೀಗೆ ನಾಲ್ಕು ತಾಸು ಕಳೆದ ಮೇಲೆ ಮಗನು ಬಂದು ನನ್ನ ಮಾತು ಕೇಳದೆ ಆಸ್ಪತ್ರೆಗೆ ಕರೆದೊಯ್ದನು. ರಕ್ತನಾಳವೊಂದು ಮುಚ್ಚಿಕೊಂಡಿತ್ತು, ಸ್ಟೆಂಟ್ ಹಾಕಿದರು. ಆ ನಾಲ್ಕು ತಾಸಿನಲ್ಲಿ ಸತ್ತ ಹೃದಯದ ಸ್ನಾಯು ಮರಳಿ ಬರುವುದಿಲ್ಲವೆಂದು ವೈದ್ಯರು ಮರುದಿನ ತಿಳಿಸಿದರು. ವಾಚಕರಲ್ಲಿ ಯಾರಿಗಾದರೂ ಈ ಬಗೆಯ ನೋವು ಬಂದರೆ ಅಜವಾನವನ್ನು ಹುಡುಕಬಾರದು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜಕುಮಾರ್ ಅವರು 46ನೆಯ ವಯಸ್ಸಿನಲ್ಲಿ ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ ರಾಜ್ಯ ಸರಕಾರವು ಹೃದಯಜ್ಯೋತಿ ಎಂಬ ಯೋಜನೆಯನ್ನು ತಂದಿತು. ಅದರಂತೆ ತಾಲ್ಲೂಕು ಆಸ್ಪತ್ರೆಗಳಲ್ಲಿಯೇ ಇಸಿಜಿ ತೆಗೆದು, ಅವಶ್ಯವಿದ್ದರೆ ರಕ್ತದ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡು ಆಗಿದೆ.

ಮರುದಿನ ಆ ತರುಣ ವೈದ್ಯರು ನನ್ನ ಮಂಚದ ಬಳಿ ಕುಳಿತು ಕೇಳತೊಡಗಿದರು. ತಂಬಾಕು? ಇಲ್ಲ. ಮದ್ಯ? ಇಲ್ಲ. ಮಾಂಸ? ಜೈನರ ಮನೆಯವನೆಂದು ತುಸು ಹೆಮ್ಮೆಯಿಂದಲೇ ಹೇಳಿದೆ. ಅವರು ನಕ್ಕು, "ಕಾಕಾ, ನಿದ್ದಿ ಹೆಂಗ ಬರತೈತ್ರಿ? ಮನಸ್ಸಿಗೆ ಏನರ ಹಚಗೊಂಡೀರೇನು?" ಎಂದರು. ನಾನು ಸುಮ್ಮನಾದೆ. ಹಿಂದೆ ನಿಂತಿದ್ದ ನಮ್ಮ ಮನೆಯವರು, "ಒಂಬತ್ತು ವರ್ಷ ಆತ್ರಿ ಸಾಹೇಬರ, ಖಾಸ ತಮ್ಮನ ಜೋಡಿ ಮಾತಿಲ್ಲ. ರಾತ್ರಿ ಎರಡಕ್ಕ ಎದ್ದು ಕುಂದರತಾರ" ಎಂದುಬಿಟ್ಟರು.

ಜಗಳವು ಒಂದು ವಖಾರದ್ದು. 2010ರಲ್ಲಿ ಅಂಗಡಿಯ ಪಾಲು ಹಂಚಿಕೊಂಡಾಗ ಅದು ಯಾರಿಗೆಂದು ತೀರ್ಮಾನವಾಗಲಿಲ್ಲ. ಬಿ.ಕಾಂ. ಓದಿದವನು ನಾನಾದ್ದರಿಂದ ಕೀರ್ದಿ, ಖಾತೆಗಳೆಲ್ಲ ನನ್ನ ಕೈಯಲ್ಲಿದ್ದವು. ವಖಾರದ ದುರಸ್ತಿಯ ಖರ್ಚನ್ನು ತಮ್ಮನಿಗೆ ಹೇಳದೆ ಅವನ ಖಾತೆಗೆ ಬರೆದೆ. ಕಾಯಿದೆಯಂತೆ ಬರೆಯಬಹುದಾಗಿತ್ತು, ಹೇಳದೆ ಬರೆದದ್ದು ತಪ್ಪು. ಅವನು ಬಸದಿಯ ಅಂಗಳದಲ್ಲಿ ನಾಲ್ಕು ಜನರೆದುರು ನನ್ನನ್ನು ಕಳ್ಳನೆಂದನು. ದಾವೆ ಕೋರ್ಟಿಗೆ ಹೋಯಿತು. ಅಂದಿನಿಂದ ಪ್ರತಿ ವರ್ಷ ದಶಲಕ್ಷಣ ಪರ್ವದ ಮೊದಲ ದಿನ ಉತ್ತಮ ಕ್ಷಮೆಯ ಮೇಲೆ ನಾನು ಪ್ರವಚನ ಮಾಡುತ್ತಿದ್ದೆ, ಮೂರನೆಯ ಸಾಲಿನಲ್ಲಿ ಅವನು ತಲೆ ತಗ್ಗಿಸಿ ಕುಳಿತಿರುತ್ತಿದ್ದನು. ಕ್ಷಮಾವಣಿಯ ದಿನ ಊರವರಿಗೆಲ್ಲ ಕೈಮುಗಿಯುತ್ತ ಹೋಗಿ ಅವನ ಹತ್ತಿರ ಬಂದಾಗ ನಾನು ಕಂಬದ ಆಚೆಯಿಂದ ತಿರುಗಿಕೊಳ್ಳುತ್ತಿದ್ದೆ.

ಸಿಟ್ಟಿನಿಂದಲೇ ನನ್ನ ರಕ್ತನಾಳ ಮುಚ್ಚಿತೆಂದು ಹೇಳಲಾರೆ. ತಂದೆಯಿಂದ ಬಂದ ಪ್ರವೃತ್ತಿಯಿತ್ತು, ರಕ್ತದೊತ್ತಡದ ಗುಳಿಗೆಯನ್ನು ನೆನಪಾದಾಗ ನುಂಗುತ್ತಿದ್ದೆ, ದಿನಕ್ಕೆ ಹತ್ತು ತಾಸು ಗಾದಿಯ ಮೇಲೆ ಕುಳಿತಿರುತ್ತಿದ್ದೆ. ಆದರೂ ಆಸ್ಪತ್ರೆಯಿಂದ ಬಂದ ಮೇಲೆ ಈ ವಿಷಯದ ಬರಹಗಳನ್ನು ತರಿಸಿ ಓದಿದೆ. ವ್ಯಾಪಾರಸ್ಥನಾದ ನನಗೆ ಬಹಳ ಹಿಡಿಸಿದ್ದು ಅಮೆರಿಕದ ಫ್ರೀಡ್‌ಮನ್ ಮತ್ತು ರೋಸೆನ್‌ಮನ್ ಎಂಬ ಹೃದಯವೈದ್ಯರು 1958ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ. ಅವರು ಪರೀಕ್ಷಿಸಿದ್ದು ಲೆಕ್ಕಪರಿಶೋಧಕರನ್ನು! ತೆರಿಗೆಯ ಕೊನೆಯ ದಿನ ಹತ್ತಿರವಾದಂತೆ ಆ ಜನರ ರಕ್ತದಲ್ಲಿ ಕೊಲೆಸ್ಟರಾಲ್ ಏರಿತು, ರಕ್ತವು ಬೇಗನೆ ಹೆಪ್ಪುಗಟ್ಟತೊಡಗಿತು. ಆ ಗಡಿಬಿಡಿ ಮುಗಿದ ಮೇಲೆ ಇಳಿಯಿತು. ಈ ಏರಿಳಿತಕ್ಕೆ ಅವರ ಆಹಾರವು ಕಾರಣವಾಗಿರಲಿಲ್ಲ. ಮಾರ್ಚ್ ತಿಂಗಳ ನಮ್ಮ ಅಂಗಡಿಗಳನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸದಾ ಅವಸರ, ಸದಾ ಪೈಪೋಟಿಯ ಸ್ವಭಾವವೇ ಹೃದ್ರೋಗಕ್ಕೆ ಕಾರಣವೆಂದು ಆ ವೈದ್ಯರು ಮುಂದೆ ಮಂಡಿಸಿದ ಸಿದ್ಧಾಂತವು ನಂತರದ ಪರೀಕ್ಷೆಗಳಲ್ಲಿ ಪೂರ್ತಿಯಾಗಿ ನಿಲ್ಲಲಿಲ್ಲ. ಉಳಿದುಕೊಂಡದ್ದು ಅದರೊಳಗಿನ ಒಂದು ಅಂಶ ಮಾತ್ರ: ದ್ವೇಷ ಮತ್ತು ಕ್ರೋಧ. 1995ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಂತೆ, ಸಿಟ್ಟು ಸಿಡಿದ ನಂತರದ ಎರಡು ತಾಸುಗಳಲ್ಲಿ ಹೃದಯಾಘಾತದ ಅಪಾಯವು ಎರಡು ಪಟ್ಟಿಗಿಂತ ಹೆಚ್ಚಾಗಿರುತ್ತದೆ. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನವು ಪುರುಷರ ಮೊದಲ ಹೃದಯಾಘಾತದ ಅಪಾಯದಲ್ಲಿ ಶೇಕಡಾ 90ರಷ್ಟಕ್ಕೆ ಒಂಬತ್ತು ಸಂಗತಿಗಳನ್ನು ಹೊಣೆಯಾಗಿಸಿತು. ಧೂಮಪಾನ, ಮಧುಮೇಹ, ರಕ್ತದೊತ್ತಡ, ಹೊಟ್ಟೆಯ ಬೊಜ್ಜುಗಳ ಸಾಲಿನಲ್ಲಿಯೇ ಮನಸ್ಸಿನ ಒತ್ತಡ ಮತ್ತು ಖಿನ್ನತೆಗಳೂ ಇದ್ದವು. ಭಯ, ಸಿಟ್ಟುಗಳು ಉಂಟಾದಾಗ ದೇಹದಲ್ಲಿ ಅಡ್ರಿನಲಿನ್ ಮೊದಲಾದ ಸ್ರಾವಗಳು ಏರಿ, ನಾಡಿ ಮತ್ತು ರಕ್ತದೊತ್ತಡ ಹೆಚ್ಚಿ, ರಕ್ತವು ಹೆಪ್ಪುಗಟ್ಟುವುದಕ್ಕೆ ಸಿದ್ಧವಾಗುತ್ತದೆ. ಹುಲಿ ಎದುರಾದವನಿಗೆ ಇದು ಉಪಕಾರವೇ. ಒಂಬತ್ತು ವರ್ಷ ವಖಾರದ ಚಿಂತೆ ಮಾಡುವವನಿಗೆ ಅಲ್ಲ.

ಇಲ್ಲಿ ನಮ್ಮ ಶಾಸ್ತ್ರದ ಮಾತು ಬರುತ್ತದೆ. ಕ್ರೋಧ, ಮಾನ, ಮಾಯಾ, ಲೋಭಗಳೆಂಬ ನಾಲ್ಕು ಕಷಾಯಗಳನ್ನು ಪಾಠಶಾಲೆಯ ಮಕ್ಕಳೂ ಹೇಳುತ್ತಾರೆ. (ಕಷಾಯವೆಂದರೆ ಶುಂಠಿಯದೇ ಎಂದು ಮೊಮ್ಮಗಳು ಒಮ್ಮೆ ಕೇಳಿದ್ದಳು. ಅದು ಕಹಿಯಾದರೂ ಕೆಮ್ಮಿಗೆ ಒಳ್ಳೆಯದು, ಇದು ಯಾವುದಕ್ಕೂ ಅಲ್ಲ ಎಂದೆ.) ಆದರೆ ಪ್ರತಿಯೊಂದು ಕಷಾಯಕ್ಕೂ ನಾಲ್ಕು ತರಗಳನ್ನು ಹೇಳಿ, ಕ್ರೋಧದ ತರಗಳನ್ನು ನೀರಿನ ಮೇಲಿನ ಗೆರೆ, ಧೂಳಿನಲ್ಲಿಯ ಗೆರೆ, ನೆಲದ ಬಿರುಕು, ಕಲ್ಲಿನ ಬಿರುಕುಗಳಿಗೆ ಆಚಾರ್ಯರು ಹೋಲಿಸಿದ್ದನ್ನು ನಾವು ಅಷ್ಟಾಗಿ ಲಕ್ಷಿಸುವುದಿಲ್ಲ. ಕಾಲದ ಲೆಕ್ಕವನ್ನೂ ಅವರು ಕೊಟ್ಟಿದ್ದಾರೆ. ಸಂಜ್ವಲನದ ಸಂಸ್ಕಾರ ಅಂತರ್ಮುಹೂರ್ತದ್ದು, ಅಂದರೆ 48 ನಿಮಿಷಗಳ ಒಳಗಿನದು. ಪ್ರತ್ಯಾಖ್ಯಾನಾವರಣದ್ದು ಒಂದು ಪಕ್ಷದವರೆಗೆ. ಅಪ್ರತ್ಯಾಖ್ಯಾನಾವರಣದ್ದು ಆರು ತಿಂಗಳವರೆಗೆ. ಅದನ್ನೂ ಮೀರಿದ್ದು ಅನಂತಾನುಬಂಧಿ. ಇದನ್ನು ನಾನು ಎಷ್ಟೋ ಸಲ ಪ್ರವಚನದಲ್ಲಿ ಹೇಳಿದ್ದೆ. ಆಸ್ಪತ್ರೆಯ ಮಂಚದ ಮೇಲೆ ಮಲಗಿ ಮೊದಲ ಸಲ ನನ್ನ ಖಾತೆಗೆ ಹಚ್ಚಿ ನೋಡಿದೆ. ಒಂಬತ್ತು ವರ್ಷ! ವ್ರತಗಳ ಮಾತು ಹಾಗಿರಲಿ, ಆ ಲೆಕ್ಕದಂತೆ ನನ್ನ ಸಮ್ಯಕ್ತ್ವವೇ ಸಂದೇಹದಲ್ಲಿ ಬಿದ್ದಿತ್ತು. ಹೃದಯಕ್ಕೆ ಹಾಕಿದ ಸ್ಟೆಂಟಿಗಿಂತ ಈ ಲೆಕ್ಕವೇ ನನ್ನನ್ನು ಹೆಚ್ಚು ಹೆದರಿಸಿತು.

ಒಂದು ಎಚ್ಚರದ ಮಾತು. ನಮ್ಮ ಪತ್ರಿಕೆಗಳಲ್ಲಿ "ವಿಜ್ಞಾನವು ಇಂದು ಹೇಳುವುದನ್ನು ತೀರ್ಥಂಕರರು ಅಂದೇ ಹೇಳಿದ್ದರು" ಎಂದು ಬರೆಯುವ ರೂಢಿಯುಂಟು. ನನಗೆ ಅದು ಒಪ್ಪಿಗೆಯಿಲ್ಲ. ಕಷಾಯವು ಕರ್ಮಬಂಧಕ್ಕೆ ಕಾರಣವೆಂದು ಆಚಾರ್ಯರು ಹೇಳಿದರೇ ಹೊರತು ಹೃದಯದ ರಕ್ತನಾಳಗಳ ವಿಚಾರವನ್ನು ಅವರು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಹೃದ್ರೋಗಕ್ಕೆ ಅಂಜಿ ಕ್ಷಮಿಸುವವನು ಕ್ಷಮೆಯನ್ನು ಗುಳಿಗೆಯಂತೆ ನುಂಗುತ್ತಾನೆ. ಹಾಗೆಯೇ "ಅಸಾತಾ ವೇದನೀಯ ಕರ್ಮದ ಉದಯ" ಎಂದು ಗುಳಿಗೆ ಬಿಡುವವನು ಶಾಸ್ತ್ರವನ್ನು ಅರ್ಧವೇ ಓದಿದ್ದಾನೆ. ನಿಮಿತ್ತಗಳನ್ನೂ ಶಾಸ್ತ್ರವು ಒಪ್ಪುತ್ತದೆ, ಔಷಧದಾನವನ್ನು ನಾಲ್ಕು ದಾನಗಳಲ್ಲಿ ಒಂದೆಂದು ಎಣಿಸುತ್ತದೆ.

ಆಹಾರದ ವಿಷಯದಲ್ಲಿಯೂ ನಮಗೆ ಸಲ್ಲದ ಧೈರ್ಯವಿದೆ. ಮಾಂಸ ತಿನ್ನದಿರುವುದು ಅಹಿಂಸೆಯ ವ್ರತ. ಅದೊಂದೇ ಹೃದಯಕ್ಕೆ ರಕ್ಷೆಯಾಗುವುದಿಲ್ಲ. ಕರಿದದ್ದು, ಡಾಲ್ಡಾದಲ್ಲಿ ಮಾಡಿದ ಸಿಹಿ, ಉಪ್ಪಿನಕಾಯಿ, ಹಪ್ಪಳ ಇವೆಲ್ಲವೂ ಶಾಕಾಹಾರವೇ. ಪಂಚಕಲ್ಯಾಣದ ಪ್ರಸಾದದ ಪಂಕ್ತಿಯಲ್ಲಿ ಸೊಪ್ಪು ತರಕಾರಿಗಳಿಗೆ ಎಲೆಯ ಮೇಲೆ ಎಷ್ಟು ಜಾಗ ಸಿಗುತ್ತದೆ ಎಂಬುದನ್ನು ವಾಚಕರೇ ಬಲ್ಲರು.

ನಾನು ಮುಖ್ಯವಾಗಿ ಹೇಳಬೇಕಾದುದು ಇನ್ನು ಮುಂದಿದೆ, ಹೇಳಲು ಸಂಕೋಚವೂ ಇದೆ. ಮನೆಗೆ ಬಂದು ಎರಡು ತಿಂಗಳಾದರೂ ನಾನು ಅಂಗಡಿಗೆ ಹೋಗಲಿಲ್ಲ. ಹೃದಯವು ಸುಧಾರಿಸುತ್ತಿದೆ ಎಂದು ವೈದ್ಯರು ಹೇಳುತ್ತಿದ್ದರು. ನನಗೆ ಮಾತ್ರ ಬೆಳಗಾಗುವುದೇ ಬೇಡವೆನಿಸುತ್ತಿತ್ತು. ಊಟ ಸೇರುತ್ತಿರಲಿಲ್ಲ, ಮೊಮ್ಮಗಳ ದನಿ ಬೇಸರ ತರುತ್ತಿತ್ತು. ಮೂವತ್ತು ವರ್ಷ ತಪ್ಪದೆ ಮಾಡಿದ ಸಾಮಾಯಿಕಕ್ಕೆ ಕುಳಿತರೆ 48 ನಿಮಿಷವೂ ಒಂದೇ ಗೋಡೆಯನ್ನು ನೋಡುತ್ತ ಕೂಡುತ್ತಿದ್ದೆ. ಇದು ಆರ್ತಧ್ಯಾನ, ಇಷ್ಟವಿಯೋಗ, ವೇದನೆಗಳಿಂದ ಹುಟ್ಟುವಂಥದು, ಪ್ರಯತ್ನದಿಂದ ಗೆಲ್ಲಬೇಕು ಎಂದು ನನ್ನನ್ನೇ ಬೈದುಕೊಂಡೆ. ಬೈದಷ್ಟೂ ಅದು ಬೆಳೆಯಿತು. ಆರ್ತಧ್ಯಾನವು ಸಾಧಕನ ದೋಷವನ್ನು ಹೇಳುವ ಮಾತು, ಖಿನ್ನತೆಯು ರೋಗ. ಎರಡೂ ಒಂದೇ ಮನೆಯಲ್ಲಿ ಇರಬಹುದಾದರೂ ಒಂದರ ಹೆಸರನ್ನು ಇನ್ನೊಂದಕ್ಕೆ ಇಟ್ಟು ನಾನು ಎರಡು ತಿಂಗಳು ಕಳೆದುಕೊಂಡೆ.

ಮರುಪರೀಕ್ಷೆಗೆ ಹೋದಾಗ ಅದೇ ತರುಣ ವೈದ್ಯರು ನನ್ನ ಮುಖ ನೋಡಿ, ಮನೋವೈದ್ಯರನ್ನು ಕಾಣಬೇಕೆಂದು ಚೀಟಿ ಬರೆದುಕೊಟ್ಟರು. ನಮ್ಮ ಕಡೆ "ಅವನನ್ನ ಧಾರವಾಡಕ್ಕ ಕಳಸಬೇಕು" ಎಂದರೆ ಏನು ಅರ್ಥವೆಂದು ಎಲ್ಲರಿಗೂ ಗೊತ್ತು. 1845ರಲ್ಲಿ ಆರಂಭವಾದ ಆ ಆಸ್ಪತ್ರೆ, ಇಂದಿನ ಡಿಮ್ಹಾನ್ಸ್, ನಮ್ಮೂರಿನಿಂದ ಬಸ್ಸಿನಲ್ಲಿ ಅರ್ಧ ತಾಸಿನ ದಾರಿಯೂ ಅಲ್ಲ. ಆ ಗೇಟಿನಲ್ಲಿ ಕಂಡರೆ ಬಸದಿಯ ಟ್ರಸ್ಟಿನವರು ಏನೆನ್ನುವರು, ಮೊಮ್ಮಗಳ ಸಂಬಂಧಕ್ಕೆ ನಾಳೆ ಅಡ್ಡಿಯಾದೀತೇ ಎಂದೆಲ್ಲ ಯೋಚಿಸಿ ಚೀಟಿಯನ್ನು ಪಂಚಾಂಗದೊಳಗೆ ಇಟ್ಟೆ. ನಮ್ಮ ಮನೆಯವರು ಅದನ್ನು ಹುಡುಕಿ ತೆಗೆದು, "ಎದಿ ಬ್ಯಾನಿಗೆ ದವಾಖಾನಿಗೆ ಹೋಗಾಕ ನಾಚಿಕಿ ಇಲ್ಲ, ಇದಕ್ಕ ಯಾಕ್ರಿ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಹೋದೆ. ಸಾಲಿನಲ್ಲಿ ರೈತರು, ಶಿಕ್ಷಕರು, ಪರಿಚಯದ ಒಬ್ಬ ವರ್ತಕರೂ ಇದ್ದರು. ಇಬ್ಬರೂ ಮೊದಲು ಮುಖ ತಿರುಗಿಸಿ, ಆಮೇಲೆ ನಕ್ಕೆವು. ಗುಳಿಗೆ ಕೊಟ್ಟರು, ಕೆಲವು ವಾರ ಕೂಡಿಸಿ ಮಾತನಾಡಿಸಿದರು. ಆರನೆಯ ವಾರದ ಹೊತ್ತಿಗೆ ಒಂದು ಬೆಳಗ್ಗೆ ಜೋಳದ ರೊಟ್ಟಿಯ ರುಚಿ ನಾಲಿಗೆಗೆ ಹತ್ತಿತು. ಹೃದಯಾಘಾತದ ನಂತರ ಖಿನ್ನರಾದವರು ಆರು ತಿಂಗಳೊಳಗೆ ಸಾಯುವ ಸಂಭವ ಉಳಿದವರಿಗಿಂತ ಸುಮಾರು ನಾಲ್ಕು ಪಟ್ಟು ಎಂದು ಕೆನಡಾದ ಮಾಂಟ್ರಿಯಲ್‌ನಲ್ಲಿ 222 ರೋಗಿಗಳ ಮೇಲೆ ನಡೆದ ಅಧ್ಯಯನವು 1993ರಲ್ಲಿಯೇ ತೋರಿಸಿತ್ತು ಎಂದು ಆಮೇಲೆ ಓದಿ ತಿಳಿದೆ. ಖಿನ್ನತೆಗೆ ಚಿಕಿತ್ಸೆ ಕೊಟ್ಟರೆ ಆಯುಷ್ಯವೂ ಹೆಚ್ಚುವುದೇ? ಅಮೆರಿಕದಲ್ಲಿ ಸುಮಾರು 2,500 ರೋಗಿಗಳ ಮೇಲೆ ನಡೆದು 2003ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಮನಸ್ಸು ಸುಧಾರಿಸಿತು, ಸಾವಿನ ಸಂಖ್ಯೆ ಇಳಿಯಲಿಲ್ಲ. ಇದನ್ನು ಮುಚ್ಚಿಡುವುದು ಸರಿಯಲ್ಲ. ಆದರೆ ಮನಸ್ಸು ಸುಧಾರಿಸಿದವನು ಗುಳಿಗೆ ನುಂಗುತ್ತಾನೆ, ನಡೆದಾಡುತ್ತಾನೆ, ಮೊಮ್ಮಗಳ ಜೊತೆ ಮಾತನಾಡುತ್ತಾನೆ. ನನಗೆ ಅಷ್ಟು ಸಾಕಾಗಿತ್ತು.

2025ರ ಮೇ ಮತ್ತು ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನರು ಹಠಾತ್ತನೆ ತೀರಿಕೊಂಡ ಸುದ್ದಿ ಬಂದಾಗ, ಅಂಜಿದ ಜನರು ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ನಸುಕಿನಲ್ಲಿಯೇ ಸಾಲುಗಟ್ಟಿದರು. ಸರಕಾರವು ನೇಮಿಸಿದ ತಜ್ಞರ ಸಮಿತಿಯು ಅಸಾಮಾನ್ಯವಾದ ಏರಿಕೆ ಕಾಣುವುದಿಲ್ಲವೆಂದೂ, ಮಧುಮೇಹ, ರಕ್ತದೊತ್ತಡ, ಧೂಮಪಾನದಂಥ ಹಳೆಯ ಕಾರಣಗಳೇ ಇವೆಯೆಂದೂ ವರದಿ ಕೊಟ್ಟಿತು. ಆ ವಾರ ನಮ್ಮ ಬಸದಿಯಲ್ಲಿಯೂ ಇದೇ ಮಾತು. ಅಂದು ಟ್ರಸ್ಟಿನ ಸಭೆಯಲ್ಲಿ ನಾನು ಎರಡು ಸೂಚನೆ ಕೊಟ್ಟೆ. ಅಷ್ಟಮಿ, ಚತುರ್ದಶಿಗಳಂದು ದರ್ಶನಕ್ಕೆ ಬಂದವರ ರಕ್ತದೊತ್ತಡ ನೋಡುವ ಏರ್ಪಾಡು ಒಂದು. ಮನಸ್ಸಿನ ಕಷ್ಟದಲ್ಲಿರುವವರು ಉಚಿತವಾಗಿ ಫೋನು ಮಾಡಬಹುದಾದ 14416 ಎಂಬ ಸರಕಾರಿ ಸಂಖ್ಯೆಯನ್ನು ಪ್ರವೇಶದ್ವಾರದ ಫಲಕದ ಮೇಲೆ ಬರೆಸುವುದು ಇನ್ನೊಂದು. ಮೊದಲನೆಯದು ಕೂಡಲೇ ಮಂಜೂರಾಯಿತು. ಎರಡನೆಯದಕ್ಕೆ, "ಬಸದಿ ಬಾಗಲಾಗ ಹುಚ್ಚಿನ ನಂಬರ್ ಯಾಕ್ರಿ" ಎಂದು ಹಿರಿಯರೊಬ್ಬರು ಎದ್ದರು. ಅದೇ ಸಂಖ್ಯೆಗೆ ನಾನೂ ಒಮ್ಮೆ ಫೋನು ಮಾಡಿದ್ದೇನೆಂದು ಹೇಳಿದೆ. ಸಭೆ ಸುಮ್ಮನಾಯಿತು. ವಿಷಯವನ್ನು ಮುಂದಿನ ಸಭೆಗೆ ಇಟ್ಟಿದ್ದಾರೆ.

ತಮ್ಮನ ಮಾತು ಉಳಿಯಿತು. 2021ರ ಕ್ಷಮಾವಣಿಯ ದಿನ ಸಂಜೆ ನಾನೇ ಅವನ ಮನೆಗೆ ಹೋದೆ. ದುರಸ್ತಿಯ ಖರ್ಚು ಬರೆದ ಹಳೆಯ ಕೀರ್ದಿಯನ್ನು ಬಗಲಲ್ಲಿ ಇಟ್ಟುಕೊಂಡಿದ್ದೆ. ಆ ಪುಟ ತೆಗೆದು ತೋರಿಸಿ, ಇಲ್ಲಿ ನಾನು ತಪ್ಪಿದ್ದೇನೆ ಎಂದೆ. ಅವನು ಬಹಳ ಹೊತ್ತು ಆ ಪುಟವನ್ನೇ ನೋಡಿದನು. "ಅಣ್ಣಾ, ವಖಾರದ ಮಾತು ಕೋರ್ಟಿನ್ಯಾಗ ಇರಲಿ" ಎಂದನು. ಅವನ ಹೆಂಡತಿ ಹಾಲು ತಂದು ಇಟ್ಟಳು, ಕುಡಿದೆ. ದಾವೆ ಇನ್ನೂ ನಡೆದಿದೆ. ಈಗ ಎದುರಾದಾಗ ಮಾತನಾಡುತ್ತೇವೆ, ಹೆಚ್ಚಾಗಿ ಮಳೆಯದು, ಕಡಲೆಯ ದರದ್ದು. ಅವನು ಐವತ್ತು ದಾಟಿ ವರ್ಷಗಳಾದವು, ಅಪ್ಪನ ಹಾಗೆಯೇ ಮೆಟ್ಟಿಲೇರಿ ನಿಂತು ಉಸಿರು ತೆಗೆದುಕೊಳ್ಳುತ್ತಾನೆ. ಒಮ್ಮೆ ಇಸಿಜಿ ತೆಗೆಸು, ನಾನೇ ಜೊತೆಗೆ ಬರುತ್ತೇನೆ ಎಂದು ಮೂರು ಸಲ ಹೇಳಿದ್ದೇನೆ. ಸುಗ್ಗಿ ಮುಗಿಯಲಿ ಎಂದಿದ್ದನು. ಸುಗ್ಗಿ ಮುಗಿದಿದೆ; ನಾಳೆ ಬೆಳಗ್ಗೆ ಮತ್ತೆ ಅವನ ಮನೆಗೆ ಹೋಗುವವನಿದ್ದೇನೆ.