ನಡುವಣ ನಂಟ

ಬಿಗಿಯುವುದನ್ನು ಯಾರಾದರೂ ಕಲಿತಾರು. ಆರಿಸುವುದಕ್ಕೂ ಬಿಚ್ಚುವುದಕ್ಕೂ ವಿವೇಕ ಬೇಕು. ಈ ಮಾತಿನ ಸತ್ಯ ಸಾಸಲಿನ ಮೇಷ್ಟರೊಬ್ಬರ ಮನೆಯವರಿಗೆ ಚೆನ್ನಾಗಿ ಗೊತ್ತು.

ನೆರೆಯ ಗೌರಿಬಿದನೂರಿನ ಬಳಿ 1976ರಲ್ಲಿ ಆರಂಭವಾದ ರೇಡಿಯೊ ವೀಕ್ಷಣಾಲಯದಲ್ಲಿ, ಟಿ ಅಕ್ಷರದಂತೆ ಹರಡಿದ 1000 ಆಂಟೆನಾಗಳು ಆಕಾಶದ ಪಿಸುಮಾತನ್ನು ಆಲಿಸಿದ ಕಥೆಯೇ ಮೇಷ್ಟರಿಗೆ ರೇಡಿಯೊ ಗೀಳನ್ನು ಹಿಡಿಸಿದ್ದು. ಪರವಾನಗಿ ಪಡೆದು ಅವರು ಹವ್ಯಾಸಿ ರೇಡಿಯೊಗಾರರಾದರು. ಅವರ ಕೈಯಂತ್ರದ ನೆತ್ತಿಯಲ್ಲಿರುವುದು ಎಸ್‌ಎಂಎ ಎಂಬ ಪುಟ್ಟ ತಿರುಪಿನ ಕೊಂಡಿ. ಮಾಳಿಗೆಯ ಆಂಟೆನಾದಿಂದ ಇಳಿದ ಕೇಬಲ್ಲಿನ ತುದಿಯಲ್ಲಿರುವುದು ಬಿಎನ್‌ಸಿ. ಒತ್ತಿ ಕಾಲುಸುತ್ತು ತಿರುಗಿಸಿದರೆ ಕಚ್ಚಿಕೊಳ್ಳುವಂಥದು. ಇವೆರಡಕ್ಕೂ ನೇರ ಸಂಬಂಧ ಕೂಡದು. ನಡುವೆ ಅಡಾಪ್ಟರ್ ಎಂಬ ಮದುವೆಯ ದಲ್ಲಾಳಿ ಬೇಕು.

ಬೆಂಗಳೂರಿಗೆ ಹೋಗಿದ್ದ ಮಗ ಅಂಥದೊಂದನ್ನು ಅಗ್ಗಕ್ಕೆ ಕೊಂಡುತಂದ. ತಿರುಪು ಸರಾಗವಾಗಿ ಕೂಡಿತು. ಇಕ್ಕಳ ಹಿಡಿದು ಬಲವಾಗಿ ಬಿಗಿದೂ ಆಯಿತು. ಆದರೆ ಯಂತ್ರ ಮೂಕ! ಅದು ವೈ-ಫೈ ಪೆಟ್ಟಿಗೆಗಳಲ್ಲಿ ಬಳಸುವ ತಿರುಗುಮುರುಗು ಜಾತಿಯದು. ಸೂಜಿಯಿರಬೇಕಾದ ಕಡೆ ಅದರಲ್ಲಿ ತೂತಿರುತ್ತದೆ. ತೂತಿಗೆ ತೂತು ಎದುರಾದರೆ ಮದುವೆಯಾದರೂ ಮಾತುಕತೆಯಿಲ್ಲ. ಹೊರಗಿನ ತಿರುಪನ್ನಷ್ಟೇ ಅಲ್ಲ, ಒಳಗಿನ ಸೂಜಿಯನ್ನೂ ನೋಡಬೇಕು; ಯಂತ್ರ 50 ಓಮಿನದಾದರೆ ಟಿ.ವಿ. ಕೇಬಲ್ಲಿನ 75 ಓಮಿನ ಸಾಮಾನು ಸಲ್ಲದು. ಎರಡನ್ನು ಪೋಣಿಸುವುದಕ್ಕಿಂತ ಸರಿಯಾದ ಒಂದೇ ಲೇಸು, ಏಕೆಂದರೆ ಪ್ರತಿಯೊಂದು ಸಂದಿನಲ್ಲಿಯೂ ಅಲೆ ಇಷ್ಟಿಷ್ಟು ಸೋರುತ್ತದೆ.

ಬಿಚ್ಚಲೆಂದು ಮಗ ಮತ್ತೆ ಇಕ್ಕಳವನ್ನೆತ್ತಿದಾಗ ತಾಯಿ, "ಇದೇನೋ, ತೆಂಗಿನಕಾಯಿ ಸುಲಿಯುತ್ತಿದ್ದೀಯಾ?" ಎಂದು ತಡೆದರು. ಹಿತ್ತಾಳೆಯ ಎಸ್‌ಎಂಎಗೆ ಸುಮಾರು 0.56 ನ್ಯೂಟನ್-ಮೀಟರ್ ಬಿಗಿತವೇ ಸಾಕು. ಇಕ್ಕಳದ ಬಲ ಅದಕ್ಕೆ ಅತಿಯಾಯಿತು. ಮೇಷ್ಟರು ಅಡಾಪ್ಟರಿನ ಮೈಯನ್ನು ಒಂದು ಸ್ಪ್ಯಾನರಿನಿಂದ ಅಲುಗದಂತೆ ಹಿಡಿದು, 8 ಮಿ.ಮೀ. ಸ್ಪ್ಯಾನರಿನಿಂದ ನಟ್ಟನ್ನು ಮಾತ್ರ ಅಪ್ರದಕ್ಷಿಣವಾಗಿ ತಿರುಗಿಸಿದರು. ಮೈಯೇ ತಿರುಗಿದ್ದರೆ ಯಂತ್ರದೊಳಗಿನ ಬೆಸುಗೆ ಕಿತ್ತುಬರಬಹುದಿತ್ತು. ಸೂಜಿಯುಳ್ಳ ಕೊಂಡಿಯಾದರೆ ಚಿನ್ನದ ಲೇಪವೂ ಉಜ್ಜಿ ಸವೆಯುತ್ತದೆ.

ಇಷ್ಟು ಸಣ್ಣದಕ್ಕೆ ಇಷ್ಟು ಜತನವೇಕೆಂದು ಮಗ ಕೇಳಿದ. 2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿ ಅಂಡಮಾನಿನ ದೂರವಾಣಿ ಸಂಪರ್ಕ ಕಡಿದಾಗ, ಅಲ್ಲಿಂದ ಬಂಧುಗಳ ಕ್ಷೇಮವಾರ್ತೆಯನ್ನು ಹೊರಗೆ ತಲಪಿಸಿದವರಲ್ಲಿ ಹವ್ಯಾಸಿ ರೇಡಿಯೊಗಾರರೂ ಇದ್ದರು. ಅಂಥ ಹೊತ್ತಿನಲ್ಲಿ ಕೊಂಡಿಯೊಂದು ಕೈಕೊಟ್ಟರೆ, ಯಾರದೋ ತಾಯಿ ಮಗನ ಸುದ್ದಿಗಾಗಿ ಇನ್ನೊಂದು ರಾತ್ರಿ ಕಾಯಬೇಕಾದೀತು.

ಮಗ ಮರುಮಾತಾಡಲಿಲ್ಲ. ಇಕ್ಕಳ ಅಂದೇ ಅಡಿಗೆಮನೆಗೆ ಮರಳಿತು.